ಹೊತ್ತು ಮೀರಿದರೆ ಹುಳಿ

ಚೌತಿಯ ಮುನ್ನಾದಿನ ಆದಿ ಉಡುಪಿಯ ಮಾರುಕಟ್ಟೆಯ ಕಡೆಗೆ ನಡೆದು ಹೋದವರಿಗೆ ರಸ್ತೆಯ ಬದಿಯಲ್ಲಿ ಗೋಡೆಗೆ ಒರಗಿಸಿಟ್ಟ ಕಬ್ಬಿನ ಕಟ್ಟುಗಳು ಕಾಣುತ್ತವೆ. ಗಣಪತಿಯ ಪೂಜೆಗೆ ಗರಿಕೆಯಂತೆ ಕಬ್ಬೂ ಬೇಕು. ಸರಿಸುಮಾರು ಅದೇ ದಿನಗಳಲ್ಲಿ, ಸೆಪ್ಟೆಂಬರ್ 8ರಂದು, ಕರಾವಳಿಯ ಕ್ಯಾಥೊಲಿಕರಿಗೆ ಮೊಂತಿ ಹಬ್ಬ. ಚರ್ಚಿನ ಅಂಗಳದಲ್ಲಿ ಕನ್ಯಾಮರಿಯಮ್ಮನಿಗೆ ಹೂವೆರಚಿದ ಮಕ್ಕಳ ಕೈಗೂ ಒಂದೊಂದು ಕಬ್ಬಿನ ತುಂಡು ಬರುತ್ತದೆ. ಹೀಗೆ ವರ್ಷದಲ್ಲಿ ಒಂದೆರಡು ವಾರ ಊರಿಗೆ ಊರೇ ಕಬ್ಬನ್ನು ಜಗಿಯುತ್ತದೆ. ಮಿಕ್ಕ ಐವತ್ತು ವಾರ ಇಲ್ಲಿ ಕಬ್ಬಿನ ಮಾತನ್ನು ಯಾರೂ ಎತ್ತುವುದಿಲ್ಲ.

ಆದರೆ ಇದೇ ಆದಿ ಉಡುಪಿಯಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಬ್ರಹ್ಮಾವರ. ಅಲ್ಲಿ ಒಂದು ಸಕ್ಕರೆ ಕಾರ್ಖಾನೆ ಇತ್ತು. 1980ರ ದಶಕದಲ್ಲಿ ಕಬ್ಬು ಅರೆಯಲು ತೊಡಗಿ, ಈ ಶತಮಾನದ ಮೊದಲ ದಶಕದಲ್ಲಿ ನಿಂತುಹೋದ ದಕ್ಷಿಣ ಕನ್ನಡ ಸಹಕಾರಿ ಸಕ್ಕರೆ ಕಾರ್ಖಾನೆ ಅದು. ಸಾವಿರಾರು ರೈತರು ಅದರ ಷೇರುದಾರರಾಗಿದ್ದರು. ಕಬ್ಬಿಗೆ ಹೆಸರಾದ ನಾಡಲ್ಲದಿದ್ದರೂ ಇಲ್ಲಿಗೆ ಆ ಕಾರ್ಖಾನೆ ಬಂದದ್ದೇಕೆ, ಬಂದದ್ದು ಉಳಿಯಲಿಲ್ಲವೇಕೆ ಎಂಬುದು ಇಂದಿನ ಮಾತಿನ ಒಂದು ಭಾಗ. ಇನ್ನೊಂದು ಭಾಗ ಕಳ್ಳಿನದು. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳುಗರು ಹುಬ್ಬೇರಿಸಬಹುದು. ಸಂಬಂಧವಿದೆ. ಹೇಳುತ್ತೇನೆ.

ಮೊದಲಿಗೆ ಒಂದು ಅರಿಕೆ. ನಾನು ಮದ್ಯದ ಪರವಾಗಿ ವಕಾಲತ್ತು ಹಿಡಿದು ಬಂದವನಲ್ಲ. ನಮ್ಮ ಮನೆಯಲ್ಲಿ ಕಳ್ಳನ್ನು ಕುಡಿಯುವವರಿರಲಿಲ್ಲ. ಅಧ್ಯಾಪಕರಾಗಿದ್ದ ನನ್ನ ತಂದೆಯವರಿಗೆ ಅದರ ವಾಸನೆಯೂ ಆಗದು. ಆದರೂ ಹಿತ್ತಿಲಿನ ಎರಡು ತೆಂಗಿನ ಮರಗಳನ್ನು ಅವರು ಮೂರ್ತೆಗೆ ಬಿಟ್ಟಿದ್ದರು. ಮೂರ್ತೆಯೆಂದರೆ ಮರದಿಂದ ಕಳ್ಳು ಇಳಿಸುವ ಕಸುಬು. ಮರ ಬಿಟ್ಟುಕೊಟ್ಟದ್ದಕ್ಕೆ ಬರುತ್ತಿದ್ದ ಹಣ ಅಷ್ಟಿಷ್ಟಾದರೂ ಮನೆಯ ಖರ್ಚಿಗೆ ಒದಗುತ್ತಿತ್ತು. ವಾಸನೆಯಾಗದ ಮನುಷ್ಯ ಹಣವನ್ನು ಹೇಗೆ ತೆಗೆದುಕೊಳ್ಳುತ್ತಿದ್ದರೆಂದು ನಾನು ಕೇಳಲಿಲ್ಲ. ಕೇಳುವ ವಯಸ್ಸೂ ಆಗ ನನ್ನದಲ್ಲ.

ಬೆಳಗಿನ ಜಾವ ಮೂರ್ತೆಯವರು ಬರುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎಲ್ಲರೂ ಅವರನ್ನು ಪೂಜಾರ್ರೇ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಅಗಲವಾದ ಕತ್ತಿ, ಬೆನ್ನಿಗೆ ಜೋತುಬಿದ್ದ ಸೋರೆಬುರುಡೆ, ಕಾಲುಗಳಿಗೆ ತೊಡಿಸಿಕೊಂಡ ಹಗ್ಗದ ಬಳೆ. ಅವರು ಮರವೇರಿ ಕುಳಿತ ಮೇಲೆ ಟೊಕ್ ಟೊಕ್ ಎಂಬ ಮೃದುವಾದ ಪೆಟ್ಟು ಕೇಳಿಸುತ್ತಿತ್ತು. ಇನ್ನೂ ಒಡೆಯದ ಹೊಂಬಾಳೆಯನ್ನು ಹುರಿಯಿಂದ ಬಿಗಿದು, ಅದರ ಮೈಯನ್ನು ದಿನಗಟ್ಟಲೆ ಹೀಗೆ ಹಗುರವಾಗಿ ತಟ್ಟಬೇಕು. ಪೆಟ್ಟು ಜೋರಾದರೆ ಒಳಗಿನ ಹೂವು ನಜ್ಜಾಗಿ ಕೊಳೆಯುತ್ತದೆ; ಮೆತ್ತಗಾದರೆ ರಸ ಇಳಿಯದು. ಆಮೇಲೆ ತುದಿಯನ್ನು ಕತ್ತರಿಸಿ ಗಡಿಗೆ ಕಟ್ಟುತ್ತಾರೆ. ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರವೇರಿ ತುದಿಯಿಂದ ಎಲೆಯಷ್ಟು ತೆಳ್ಳಗಿನ ಒಂದು ಪದರವನ್ನು ಕೆತ್ತಿ ತೆಗೆಯಬೇಕು. ಕೆತ್ತಿದ ಗಾಯ ಹೊಸದಾಗಿದ್ದರೆ ಮಾತ್ರ ರಸ ಹರಿಯುತ್ತದೆ. ಎರಡು ದಿನ ತಪ್ಪಿಸಿದರೆ ಗಾಯ ಒಣಗಿ ಮುಚ್ಚಿಕೊಳ್ಳುತ್ತದೆ. ವಾರಗಳ ಶ್ರಮ ನೀರಿನಲ್ಲಿ ಹೋಮ.

ಇದರಿಂದಾಗಿ ಮೂರ್ತೆಯವರಿಗೆ ರಜೆಯೆಂಬುದಿಲ್ಲ. ಮದುವೆಗೆ ಹೋದರೂ ಸಂಜೆಗೆ ಮರಳಬೇಕು. ಊರಿನ ಕೋಲದಲ್ಲಿ ರಾತ್ರಿಯಿಡೀ ಕುಳಿತಿದ್ದರೂ ಬೆಳಗಾದೊಡನೆ ಮರದ ಬುಡದಲ್ಲಿರಬೇಕು. ನಾನು ಒಮ್ಮೆ ಲೆಕ್ಕ ಹಾಕಿದ್ದುಂಟು: ಹದಿನೈದು ಮೀಟರ್ ಎತ್ತರದ ಹದಿನೈದು ಮರಗಳನ್ನು ದಿನಕ್ಕೆ ಎರಡು ಬಾರಿ ಹತ್ತಿದರೆ ಒಟ್ಟು 450 ಮೀಟರ್ ಆಯಿತು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಂದರೆ ಒಂದೂವರೆ ದಿನಕ್ಕೊಮ್ಮೆ ಆ ಮನುಷ್ಯ ಸಮುದ್ರದ ದಂಡೆಯಿಂದ ಆಗುಂಬೆಯವರೆಗೆ ಏರುತ್ತಿದ್ದ, ಅದೂ ನೆಟ್ಟಗೆ. ಜಡಿಮಳೆಯಲ್ಲಿ ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಊರುಗಳಲ್ಲಿ ಎಲ್ಲ ಕಾಲಕ್ಕೂ ಇದ್ದರು.

ತೆಂಗಲ್ಲದೆ ತಾಳೆಯ ಮರದಿಂದಲೂ ಕಳ್ಳು ಇಳಿಸುತ್ತಾರೆ. ಕಾರ್ಕಳದ ಕಡೆ, ಘಟ್ಟದ ಬುಡಕ್ಕೆ ಹೋದಂತೆ, ಬೈನೆಯ ಮರ ಸಿಗುತ್ತದೆ. ತುಳುವರು ಕಳ್ಳಿಗೆ ಕಲಿ ಎನ್ನುತ್ತಾರೆ. ಕಲಿ, ಹಳಗನ್ನಡದ ಕಳ್, ತಮಿಳಿನ ಕಳ್ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಕಬ್ಬಿನ ಕಥೆಯೂ ಹಾಗೆಯೇ: ತಮಿಳಿನಲ್ಲಿ ಕರುಂಬು, ಹಳಗನ್ನಡದಲ್ಲಿ ಕರ್ಬು, ನಮ್ಮ ಬಾಯಲ್ಲಿ ಕಬ್ಬು. ದ್ರಾವಿಡ ಭಾಷೆಗಳು ಬೇರೆಬೇರೆಯಾಗುವ ಮೊದಲೇ ನಮ್ಮ ಪೂರ್ವಿಕರ ನಾಲಿಗೆಗೆ ಈ ಎರಡು ಸಿಹಿಗಳೂ ಪರಿಚಿತವಾಗಿದ್ದವೆಂದು ಊಹಿಸಲು ಇಷ್ಟು ಸಾಕು. ಸಾಹಿತ್ಯದಲ್ಲಿಯೂ ಕಳ್ಳಿಗೆ ಎಡೆ ಸಿಕ್ಕದೆ ಹೋಗಿಲ್ಲ. ಪಂಪ ತನ್ನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಬಣ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಕಸುಬನ್ನೇ ಹೆಸರಿಗೆ ಅಂಟಿಸಿಕೊಂಡ ಅವನನ್ನು ಆ ಶರಣಗೋಷ್ಠಿ ಹೊರಗೆ ನಿಲ್ಲಿಸಲಿಲ್ಲ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನನ್ನಂತೂ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ರತ್ನನದು ಬಯಲುಸೀಮೆಯ ಹೆಂಡ. ನಮ್ಮ ಕರಾವಳಿಯ ಕುಡಿತವನ್ನು ಕಾಣಬೇಕಾದರೆ ಕಾರಂತರ 1933ರ ‘ಚೋಮನ ದುಡಿ’ಗೆ ಹೋಗಬೇಕು. ಕುಡಿದ ಚೋಮನ ದುಡಿಯ ಸದ್ದಿನಲ್ಲಿ ಅಮಲಿಗಿಂತ ಮಿಗಿಲಾಗಿ ಅವನಿಗೆ ದಕ್ಕದ ನೆಲವೇ ಕೇಳಿಸುತ್ತದೆ.

ಇನ್ನು ಪ್ರಕೃತಕ್ಕೆ ಬರೋಣ.

ಹೊಂಬಾಳೆಯಿಂದ ತೊಟ್ಟಿಕ್ಕುವ ರಸ ಮೊದಲಿಗೆ ಕಳ್ಳಲ್ಲ. ಅದು ನೀರಾ, ಸೀಯಾಳದ ನೀರಿಗಿಂತ ಎಷ್ಟೋ ಪಟ್ಟು ಸಿಹಿ. ನೂರು ಪಾಲು ರಸದಲ್ಲಿ ಹನ್ನೆರಡರಿಂದ ಹದಿನೈದು ಪಾಲು ಸಕ್ಕರೆ ಇರುತ್ತದೆ. ಕಬ್ಬಿನ ರಸದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಅದೇ ಜಾತಿಯ ಸಕ್ಕರೆ. ಮರದ ಕೊರಳಿನಲ್ಲಿ ಒಂದು, ಗದ್ದೆಯ ಜಲ್ಲೆಯಲ್ಲಿ ಒಂದು. ರಸಾಯನಶಾಸ್ತ್ರದ ಕಣ್ಣಿಗೆ ಎರಡೂ ದಾಯಾದಿಗಳು. ಈ ದಾಯಾದಿಗಳಿಗೆ ಒಂದೇ ದೌರ್ಬಲ್ಯ: ಯಾವುದಕ್ಕೂ ಕಾಯುವ ತಾಳ್ಮೆಯಿಲ್ಲ.

ಗಡಿಗೆಯ ಮೈಗೆ ಹತ್ತಿಕೊಂಡಿರುವ ಯೀಸ್ಟು, ಗಾಳಿಯಲ್ಲಿ ಬರುವ ಸೂಕ್ಷ್ಮಜೀವಿಗಳು ರಸ ತೊಟ್ಟಿಕ್ಕಿದ ಗಳಿಗೆಯಿಂದಲೇ ಕೆಲಸ ಹಚ್ಚುತ್ತವೆ. ಕೆಲವು ಗಂಟೆಗಳಲ್ಲಿ ರಸ ನೊರೆಗಟ್ಟುತ್ತದೆ, ಸಿಹಿ ಇಳಿಯುತ್ತದೆ, ಮದ್ಯಸಾರ ಏರುತ್ತದೆ. ಸಂಜೆಯ ವೇಳೆಗೆ ಅದು ನೂರಕ್ಕೆ ನಾಲ್ಕೈದು ಪಾಲು ಮುಟ್ಟಬಹುದು. ನಿಮ್ಮ ಪೇಟೆಯ ಸೌಮ್ಯವಾದ ಬಿಯರಿನಲ್ಲಿ ಇರುವುದೂ ಅಷ್ಟೇ. ಇನ್ನೂ ಇಟ್ಟರೆ ಮತ್ತೊಂದು ಬಗೆಯ ಸೂಕ್ಷ್ಮಜೀವಿಗಳ ಸರದಿ. ಮದ್ಯಸಾರ ಹುಳಿಯಾಗಿ ರಸ ಕೊನೆಗೆ ವಿನೆಗರ್ ಆಗುತ್ತದೆ. ಬೆಳಗಿನ ಗಡಿಗೆಯ ರಸ ನಾಲಿಗೆಗೆ ಸಿಹಿಯಾಗಿದ್ದು ಸಂಜೆಯದೇಕೆ ಚುರುಕೆನ್ನುತ್ತದೆಂದು ಬಾಲ್ಯದಲ್ಲಿ ನಾನು ಪೂಜಾರ್ರನ್ನು ಕೇಳಿದ್ದೆ. ಗಡಿಗೆಯೊಳಗೆ ಅಡುಗೆಯಾಗುತ್ತಿದೆ, ಒಲೆ ಮಾತ್ರ ಇಲ್ಲ ಎಂದು ತುಳುವಿನಲ್ಲಿ ಹೇಳಿ ಅವರು ನಕ್ಕಿದ್ದರು. ಎಂ.ಎ. ತರಗತಿಗೆ ಪಾಠ ಹೇಳುವ ಕಾಲದಲ್ಲಿ ವಿಜ್ಞಾನದ ಅಧ್ಯಾಪಕರೊಬ್ಬರಿಗೆ ಈ ಮಾತನ್ನು ತಿಳಿಸಿದಾಗ ಅವರು, ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ ಎಂದರು.

ಈ ಒಲೆಯಿಲ್ಲದ ಅಡುಗೆಯನ್ನು ಮನೆಯ ಅಡುಗೆಗೂ ತಂದವರುಂಟು. ಕರಾವಳಿಯ ಕ್ಯಾಥೊಲಿಕರ ಸಾನ್ನಾಂ, ಅಂದರೆ ಹಬ್ಬದ ಇಡ್ಲಿ, ಉಬ್ಬುವುದು ಹಿಟ್ಟಿಗೆ ಬೆರೆಸಿದ ಕಳ್ಳಿನಿಂದ. ಇನ್ನು ದೈವಗಳ ಲೋಕದಲ್ಲಿ ಕಳ್ಳಿಗೆ ಸಲ್ಲುವ ಮಾನ ಬೇರೆ. ಕೊರಗಜ್ಜನ ಹರಕೆಗೆ ಚಕ್ಕುಲಿ, ವೀಳ್ಯದೊಡನೆ ಕಳ್ಳೂ ಸಲ್ಲುತ್ತದೆ. ತಬ್ಬಲಿಯಾಗಿದ್ದ ಆ ಹುಡುಗನನ್ನು ಕರೆದು ಸಾಕಿದವಳು ಕಳ್ಳು ಮಾರುವ ಬೈದೆತಿಯೊಬ್ಬಳೆಂದು ಪಾಡ್ದನ ಹೇಳುತ್ತದೆ. ಊರಿನ ಅಂಚಿನಲ್ಲಿದ್ದವನಿಗೆ ಬಾಗಿಲು ತೆರೆದದ್ದು ಕಳ್ಳಿನ ಮನೆ ಎಂಬುದನ್ನು ಗಮನಿಸಬೇಕು.

ಕೆಲವೇ ಗಂಟೆಗಳ ಆಯುಸ್ಸಿನ ಪಾನೀಯವನ್ನು ದೂರಕ್ಕೆ ಒಯ್ಯುವಂತಿಲ್ಲ. ಮರದ ಬುಡದಿಂದ ಗಡಂಗಿಗೆ, ಗಡಂಗಿನಿಂದ ಕುಡಿಯುವವನ ಬಟ್ಟಲಿಗೆ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಕಾಪುವಿನ ಕಳ್ಳನ್ನು ಕಾಪುವಿನಲ್ಲಿಯೇ ಕುಡಿಯಬೇಕು. ಬಿಯರ್ ಹಾಗಲ್ಲ. ಯುರೋಪಿನ ಚಳಿಯ ನಾಡಿನಲ್ಲಿ ತೆಂಗಿನಷ್ಟು ಸಿಹಿ ರಸ ಸುರಿಸುವ ಮರಗಳಿಲ್ಲ. ಅಲ್ಲಿಯವರು ಬಾರ್ಲಿಯನ್ನು ಮೊಳಕೆ ಬರಿಸಿ, ಅದರ ಪಿಷ್ಟವನ್ನು ಸಕ್ಕರೆಯಾಗಿಸಿ, ಹಾಪ್ ಹೂವಿನೊಡನೆ ಕುದಿಸಿ, ಆಮೇಲೆ ಯೀಸ್ಟಿಗೆ ಒಪ್ಪಿಸುವ ದೀರ್ಘವಾದ ದಾರಿಯನ್ನು ಹಿಡಿದರು. 1876ರಲ್ಲಿ ಪಾಶ್ಚರ್ ಬಿಯರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದ. ಹದವಾಗಿ ಬಿಸಿಮಾಡಿ ಸೂಕ್ಷ್ಮಜೀವಿಗಳನ್ನು ಕೊಂದು ಶೀಷೆಯ ಬಾಯಿ ಮುಚ್ಚಿದರೆ ಬಿಯರ್ ತಿಂಗಳುಗಟ್ಟಲೆ ಕಾಯುತ್ತದೆ. ಕಾಯುವ ವಸ್ತು ಹಡಗನ್ನೇರಬಹುದು, ಲಾರಿಯನ್ನೇರಬಹುದು, ಕಂಪನಿಯ ಮಾಲೂ ಆಗಬಹುದು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬಾತ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅಂದಿನ ಮುಖ್ಯ ಗಿರಾಕಿ ದಂಡಿನ ಬಿಳಿಯ ಸಿಪಾಯಿ. ಸ್ವಾತಂತ್ರ್ಯದ ಹೊತ್ತಿಗೆ ಆ ಕಂಪನಿಯನ್ನು ಕೈಗೆ ತೆಗೆದುಕೊಂಡ ವಿಠಲ ಮಲ್ಯರು ಬಂಟ್ವಾಳ ಮೂಲದ ಮನೆತನದವರು. ಕಳ್ಳಿನ ನಾಡಿನ ಮನೆತನವೊಂದು ಬಾರ್ಲಿಯ ಬಿಯರನ್ನು ಭಾರತಕ್ಕೆಲ್ಲ ಹಂಚಿತು. ಇಂದು ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದು ನೆಲೆಸಿದ ಮಣಿಪಾಲದಲ್ಲಿ ಬಿಯರೇ ಎಲ್ಲರಿಗೂ ಪರಿಚಿತ; ಅದೇ ಗುಡ್ಡದ ಕೆಳಗಿನ ತೆಂಗಿನ ತೋಟದಲ್ಲಿ ಅಷ್ಟೇ ಅಮಲಿನ ಪಾನೀಯವೊಂದು ಇಳಿಯುತ್ತದೆಂಬುದು ಆ ಹುಡುಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಕಬ್ಬಿನ ಕಡೆಗೆ ಈಗ ತಿರುಗಬಹುದು. ಕಡಿದ ಕಬ್ಬೂ ಕಾಯುವುದಿಲ್ಲ. ಕತ್ತಿಯ ಏಟು ಬಿದ್ದ ಕ್ಷಣದಿಂದ ಜಲ್ಲೆಯೊಳಗಿನ ಸಕ್ಕರೆ ಒಡೆಯತೊಡಗುತ್ತದೆ; ಗಾಯವಾದ ಕಡೆ ಬ್ಯಾಕ್ಟೀರಿಯಾ ಸೇರಿಕೊಂಡು ರಸವನ್ನು ಲೋಳೆಯಾಗಿಸುತ್ತವೆ. ಸುಮಾರು ಒಂದು ದಿನದೊಳಗೆ ಅರೆದರೆ ಲಾಭ, ಎರಡು ಮೂರು ದಿನ ಕಳೆದರೆ ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಹಿಂದಿನ ಆಲೆಮನೆಗಳು ಗದ್ದೆಯ ಬದಿಯಲ್ಲಿಯೇ ಏಳುತ್ತಿದ್ದುದು ಈ ಕಾರಣದಿಂದ. ಆಲೆಮನೆಯಲ್ಲಿ ರೈತ ತನ್ನ ಕೈಗಾಗುವಷ್ಟನ್ನು ಕಡಿದು ಅಂದೇ ಅರೆದು ಅಂದೇ ಕೊಪ್ಪರಿಗೆಗೆ ಏರಿಸುತ್ತಾನೆ. ಸಕ್ಕರೆ ಕಾರ್ಖಾನೆ ಅಷ್ಟಕ್ಕೆ ತೃಪ್ತಿಪಡುವ ಪ್ರಾಣಿಯಲ್ಲ. ಆ ಕಾಲದ ಸಹಕಾರಿ ಕಾರ್ಖಾನೆಗಳ ಸಾಮಾನ್ಯ ಗಾತ್ರ ದಿನಕ್ಕೆ 1,250 ಟನ್. ಅಂಥ ಒಂದು ಕಾರ್ಖಾನೆ 150 ದಿನ ನಡೆಯಬೇಕಾದರೆ ಒಂದು ಲಕ್ಷ ಎಂಬತ್ತೇಳು ಸಾವಿರ ಟನ್ನಿಗೂ ಮಿಕ್ಕಿ ಕಬ್ಬು ಬೇಕು. ಎಕರೆಗೆ ನಲವತ್ತು ಟನ್ ಬೆಳೆಯಿತೆಂದು ಉದಾರವಾಗಿ ಹಿಡಿದರೂ ನಾಲ್ಕೂವರೆ ಸಾವಿರ ಎಕರೆಗಿಂತ ಮೇಲೆ. ಈ ಗದ್ದೆಗಳೆಲ್ಲ ಗಾಣದಿಂದ ಒಂದು ದಿನದ ದಾರಿಯೊಳಗಿರಬೇಕು, ದಿನಕ್ಕೊಂದಿಷ್ಟರಂತೆ ಸರದಿಯ ಮೇಲೆ ಮಾಗಬೇಕು.

ಉಡುಪಿಯ ನೆಲ ಇದನ್ನು ಕೊಡಬಲ್ಲುದೆ? ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು, ಮುರಕಲ್ಲಿನ ನೆಲದಿಂದ ಇಳಿದು, ಸಮುದ್ರ ಸೇರುತ್ತದೆ. ಕಬ್ಬು ಹತ್ತು ಹನ್ನೆರಡು ತಿಂಗಳ ಬೆಳೆ. ಮಾರ್ಚ್ ಏಪ್ರಿಲ್‌ನಲ್ಲಿ ಬಾಯಾರುವಾಗ ಬಾವಿಗಳು ತಳ ಕಾಣುತ್ತಿರುತ್ತವೆ. ಇನ್ನೊಂದು ತೊಡಕು ಕಣ್ಣಿಗೆ ಬೀಳುವಂಥದಲ್ಲ. ಕಬ್ಬು ತನ್ನ ಜಲ್ಲೆಯಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುವುದು ಒಣ ಹವೆಯ, ತಂಪು ರಾತ್ರಿಗಳ ಚಳಿಗಾಲದಲ್ಲಿ. ನಮ್ಮ ಕಡಲ ತಡಿಯ ರಾತ್ರಿಗಳು ಡಿಸೆಂಬರಿನಲ್ಲಿಯೂ ಬೆವರುತ್ತವೆ. ಬೆಳೆ ಹಸಿರಾಗಿ ಹುಲುಸಾಗಿ ಬಂದರೂ ರಸದ ಸಿಹಿ ಬಯಲುಸೀಮೆಯಷ್ಟು ಏರುವುದಿಲ್ಲ. ಮೇಲಾಗಿ ಇಲ್ಲಿಯ ಹಿಡುವಳಿಗಳು ಚಿಕ್ಕವು. ಭತ್ತದ ಗದ್ದೆ, ತೆಂಗು, ಅಡಿಕೆ, ಮಲ್ಲಿಗೆ ಎಂದು ಹಂಚಿಹೋದ ತುಂಡುಗಳು.

ಆದರೂ ಆ ಕಾರ್ಖಾನೆಯನ್ನು ಕಟ್ಟಿದವರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸಾಗದು. ಅವರ ಕಣ್ಣಮುಂದೆ ಮಂಡ್ಯವಿತ್ತು. ಬೆಂಗಾಡೆಂದು ಹೆಸರಾಗಿದ್ದ ಮಂಡ್ಯದ ಬಯಲಿಗೆ ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂತು. ಅದರ ಬೆನ್ನಿಗೆ 1933ರಲ್ಲಿ ಲೆಸ್ಲಿ ಕೋಲ್ಮನ್ನರ ಮುಂದಾಳುತನದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸೀಮೆಯ ಬಾಳೇ ಬದಲಾಯಿತು. ಕರಾವಳಿಗೂ ಒಂದು ನಾಲೆಯ ಭರವಸೆ ಇತ್ತು. ಘಟ್ಟದಿಂದ ಇಳಿಯುವ ವಾರಾಹಿಯ ನೀರನ್ನು ಕುಂದಾಪುರ, ಉಡುಪಿ ಕಡೆಯ ಗದ್ದೆಗಳಿಗೆ ಹರಿಸುವ ಯೋಜನೆಗೆ 1979ರಲ್ಲಿ ಒಪ್ಪಿಗೆ ಸಿಕ್ಕಿತು. 15,000 ಹೆಕ್ಟೇರಿಗೂ ಮಿಕ್ಕ ಭೂಮಿಗೆ ನೀರೆಂಬುದು ಅಂದಿನ ಸಂಕಲ್ಪ. ಆ ಸಂಕಲ್ಪ ಐದಾರು ವರ್ಷದಲ್ಲಿ ಕೈಗೂಡಿದ್ದರೆ ಬ್ರಹ್ಮಾವರದ ಗಾಣ ಹಸಿದು ಕೂರುತ್ತಿರಲಿಲ್ಲವೋ ಏನೋ.

ವಾರಾಹಿಯ ನಾಲೆಗೆ ನೀರು ಬಿಟ್ಟದ್ದು 2015ರಲ್ಲಿ. ಮೂವತ್ತಾರು ವರ್ಷ! ಅಷ್ಟರೊಳಗೆ ಕಾರ್ಖಾನೆ ಹುಟ್ಟಿತ್ತು, ಕಬ್ಬಿನ ಕೊರತೆಯಿಂದ ಬಳಲಿತ್ತು, ಬಾಗಿಲೆಳೆದುಕೊಂಡು ವರ್ಷಗಳೇ ಆಗಿದ್ದವು. ಮಂಡ್ಯದಲ್ಲಿ ನೀರು ಮೊದಲು ಬಂತು, ಕಾರ್ಖಾನೆ ಆಮೇಲೆ. ಬ್ರಹ್ಮಾವರದಲ್ಲಿ ಈ ಕ್ರಮ ತಿರುವುಮುರುವಾಯಿತು. ಘಟ್ಟದ ಮೇಲಿನಿಂದ ಕಬ್ಬು ತರಿಸಬಹುದಿತ್ತಲ್ಲ ಎಂದು ಕೇಳುವವರು ಕಡಿದ ಕಬ್ಬಿನ ಆಯುಸ್ಸನ್ನು ಮರೆತಿರುತ್ತಾರೆ. ಗದ್ದೆಯಲ್ಲಿ ಕಡಿದು, ಲಾರಿಗೆ ಹೇರಿ, ಘಟ್ಟದ ತಿರುವುಗಳನ್ನು ಇಳಿಸಿ ತರುವಷ್ಟರಲ್ಲಿ ಬಾಡಿಗೆ ಏರುತ್ತದೆ, ಸಿಹಿ ಇಳಿಯುತ್ತದೆ. ಕಾರ್ಖಾನೆಯನ್ನು ನಂಬಿ ಭತ್ತವನ್ನು ಬಿಟ್ಟು ಕಬ್ಬು ನೆಟ್ಟಿದ್ದ ರೈತನ ಪಾಡು ಇನ್ನೂ ಕಠಿಣ. ಭತ್ತವಾದರೆ ಕಣಜದಲ್ಲಿ ಕಾಯುತ್ತದೆ. ಬೆಲೆ ಬಂದಾಗ ಮಾರಬಹುದು. ಕಬ್ಬು ಕೊಳ್ಳುವ ಒಬ್ಬನೇ ಗಿರಾಕಿ ಬಾಗಿಲು ಮುಚ್ಚಿದರೆ ಗದ್ದೆಯಲ್ಲಿ ನಿಂತ ಬೆಳೆಯನ್ನು ಏನು ಮಾಡುವುದು?

ಇಲ್ಲಿ ಕಬ್ಬು ಸೋತಿತೆಂದು ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಕರಾವಳಿಯಲ್ಲಿ ಕಬ್ಬು ಗೆದ್ದದ್ದೂ ಉಂಟು, ಬೇರೊಂದು ವೇಷದಲ್ಲಿ. ಸಕ್ಕರೆಯ ಹರಳನ್ನು ತೆಗೆದ ಮೇಲೆ ಉಳಿಯುವ ಕಪ್ಪು ಮಡ್ಡಿಗೆ ಕಾಕಂಬಿ ಎನ್ನುತ್ತಾರೆ. ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ಮದ್ಯಸಾರ. ಸರ್ಕಾರದ ಪರವಾನಗಿಯಿಂದ ಮಾರಾಟವಾಗುತ್ತಿದ್ದ ಸಾರಾಯಿಯ ಮೂಲ ಇದೇ. ನಮ್ಮ ದೇಶದಲ್ಲಿ ವಿಸ್ಕಿ, ಬ್ರಾಂದಿ ಎಂದು ಅಗ್ಗಕ್ಕೆ ಮಾರಾಟವಾಗುವ ಬಹಳಷ್ಟು ಮದ್ಯದ ಮೂಲವೂ ಇದೇ. ಭಟ್ಟಿ ಇಳಿಸಿದ ಮದ್ಯ ಬಿಯರಿಗಿಂತಲೂ ಹೆಚ್ಚು ಕಾಲ ಕಾಯುತ್ತದೆ. ಹೀಗೆ ಬಯಲುಸೀಮೆಯ ಕಬ್ಬು ಪೊಟ್ಟಣದ ಸಾರಾಯಿಯಾಗಿ ಘಟ್ಟ ಇಳಿದು ಬಂದು, ಸಂಜೆಯೊಳಗೆ ಖರ್ಚಾಗಲೇಬೇಕಾದ ಕಳ್ಳಿನ ಎದುರಿಗೆ ಕುಳಿತುಕೊಂಡಿತು. ಕಳ್ಳಿಗಿಂತ ಎಷ್ಟೋ ಪಟ್ಟು ಕಡುಪಿನ ಅದು ಎಷ್ಟು ಸಂಸಾರಗಳನ್ನು ಹಾಳುಮಾಡಿತೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಗಿರಾಕಿಗಳು ಅಗ್ಗದ ಶೀಷೆಗಳ ಕಡೆಗೆ ಸರಿದರು. ಕಾಕಂಬಿ ಮಾತ್ರ ಬದಲಾಗಲಿಲ್ಲ. ಈಗಂತೂ ಕಬ್ಬಿನ ಮದ್ಯಸಾರವನ್ನು ಎಥೆನಾಲ್ ಎಂಬ ಹೆಸರಿನಿಂದ ಪೆಟ್ರೋಲಿಗೂ ಬೆರೆಸುತ್ತಾರೆ. ಬೇಡವೆನ್ನುವವರ ವಾಹನವೂ ಅದನ್ನು ಕುಡಿಯುತ್ತದೆ.

ಕಾಯದ ರಸವನ್ನು ಕಾಯಿಸಲು ಹೆಣಗಿದವರಲ್ಲಿ ಸರ್ಕಾರವೂ ಒಂದು. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಮದರಾಸು ಪ್ರಾಂತದ ಎಲ್ಲ ಜಿಲ್ಲೆಗಳಿಗೆ 1948ರ ಹೊತ್ತಿಗೆ ಪಾನನಿರೋಧ ಬಂತು. ಅದಕ್ಕೂ ಹಿಂದೆ ಬ್ರಿಟಿಷರು ಕಳ್ಳಿನ ಮರಗಳಿಗೆ ತೆರಿಗೆ ಹಾಕುತ್ತಿದ್ದರು, ಅಂದರೆ ಮರ ಎಣಿಸಿ ಹಣ ಪಡೆಯುತ್ತಿದ್ದರು. ಈಗ ಅದೇ ಮರ ಅಪರಾಧದ ಸಾಕ್ಷಿಯಾಯಿತು. ಆದರೆ ಬೆಲ್ಲ ಕಾಯಿಸುವುದು ಅಪರಾಧವಲ್ಲವಷ್ಟೆ? ಆದ್ದರಿಂದ ಕಾನೂನು ಒಂದು ಸಣ್ಣ ಕಿಂಡಿಯನ್ನು ಇಟ್ಟುಕೊಂಡಿತು. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ರಸ ಹುಳಿಯುವುದಿಲ್ಲ, ಅದು ಸಿಹಿಗಳ್ಳು, ಸುಣ್ಣವಿಲ್ಲದಿದ್ದರೆ ಕಳ್ಳು. ಚಿಪ್ಪನ್ನು ಸುಟ್ಟು ಮಾಡಿದ ಒಂದು ಬೊಗಸೆ ಸುಣ್ಣದ ಮೇಲೆ ಒಬ್ಬ ಮನುಷ್ಯ ಸಜ್ಜನನೋ ಅಪರಾಧಿಯೋ ಎಂಬುದು ತೀರ್ಮಾನವಾಗುತ್ತಿತ್ತು. ಅಧಿಕಾರಿ ಗಡಿಗೆಯೊಳಗೆ ಬೆರಳಾಡಿಸಿ ನೋಡುವ ಆ ಕಾಲದ ಕಥೆಗಳನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ಅಂದು ಸಿಕ್ಕಿಬಿದ್ದವರಿಗೆ ನಗು ಬಂದಿರಲಾರದು.

ಪಾನನಿರೋಧದ ಹಿಂದಿದ್ದ ಆದರ್ಶವನ್ನು ನಾನು ಹಗುರವಾಗಿ ಕಾಣುವವನಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದವರೊಡನೆ ಎಸ್. ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ವಿಧಿಯ ವಿಚಿತ್ರವೆಂದರೆ, ಮೈಸೂರು ರಾಜ್ಯದಲ್ಲಿ ಪಾನನಿರೋಧ ಸಡಿಲಗೊಂಡದ್ದು ಅವರೇ ಮುಖ್ಯಮಂತ್ರಿಯಾಗಿದ್ದಾಗ, 1967ರ ಸುಮಾರಿಗೆ. ಬೊಕ್ಕಸಕ್ಕೆ ಹಣ ಬೇಕಿತ್ತು. ನಮ್ಮ ಹಿತ್ತಿಲಿನ ಮರಗಳಿಗೆ ಮತ್ತೆ ಗಡಿಗೆ ಏರಿದ್ದು ಅದಾದ ಮೇಲೆಯೇ.

ಕಸುಬಿನ ಒಳಗಿನಿಂದಲೂ ಬೇರೊಂದು ದನಿ ಎದ್ದಿತ್ತು. ಮೂರ್ತೆಯನ್ನು ಬಹುಮಟ್ಟಿಗೆ ಹಿಡಿದಿದ್ದವರು ಬಿಲ್ಲವರು, ಕೋಟಿ ಚೆನ್ನಯರ ಕುಲದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಮತಕ್ಕೆ ಸೇರಿದ ಬಿಲ್ಲವರು ಕಳ್ಳಿನ ಕಸುಬನ್ನು ಬಿಡಬೇಕೆಂದರು. ಬಿಟ್ಟವರಿಗೆ ನೇಯ್ಗೆಯ ಮಗ್ಗ, 1865ರಿಂದ ಹಂಚಿನ ಕಾರ್ಖಾನೆ, ಇವು ಅನ್ನವಾದವು. ನಾರಾಯಣ ಗುರುಗಳು ಕೇರಳದಲ್ಲಿ ಮದ್ಯವನ್ನು ತಯಾರಿಸಬಾರದು, ಕೊಡಬಾರದು, ಕುಡಿಯಬಾರದೆಂದು ಸಾರಿದರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರೂ ಅವರೇ. ಗುರುವಿನ ಮಾತನ್ನು ಪಾಲಿಸಬೇಕು, ಮಕ್ಕಳ ಹೊಟ್ಟೆಯನ್ನೂ ತುಂಬಿಸಬೇಕು. ಒಂದೇ ಮನೆಯ ಗೋಡೆಯ ಮೇಲೆ ಗುರುಗಳ ಪಟ, ಮೂಲೆಯಲ್ಲಿ ಮೂರ್ತೆಯ ಕತ್ತಿ ಇದ್ದುದನ್ನು ನಾನು ಕಂಡಿದ್ದೇನೆ. ಆ ಮನೆಯ ಯಜಮಾನರ ಮನಸ್ಸಿನೊಳಗೆ ನಡೆದಿರಬಹುದಾದ ವಾದವನ್ನು ನಮ್ಮ ಯಾವ ಕಾದಂಬರಿಯೂ ಸಾಕಷ್ಟು ಬರೆದಿಲ್ಲವೆಂಬುದು ನನ್ನ ಕೊರಗು.

ಇಂದು ಉಡುಪಿ, ಮಂಗಳೂರು ಸೀಮೆಯ ಊರೂರುಗಳಲ್ಲಿ ಮೂರ್ತೆದಾರರ ಸೇವಾ ಸಹಕಾರಿ ಸಂಘ ಎಂಬ ಫಲಕಗಳನ್ನು ಕಾಣಬಹುದು. ಒಳಗೆ ಹೋದರೆ ಹೆಚ್ಚಿನ ಕಡೆ ನಡೆಯುವುದು ಠೇವಣಿ, ಸಾಲ, ಚಿನ್ನಾಭರಣದ ಅಡವು. ಮರವೇರುವವರ ಮಕ್ಕಳು ಓದಿ ಬೇರೆ ಕೆಲಸಗಳಿಗೆ ಹೋದರು. ಹೋದದ್ದು ಒಳ್ಳೆಯದೇ ಆಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಮೊದಲಾದ ಸಂಸ್ಥೆ ಅದು, ಹೊಂಬಾಳೆಯ ತುದಿಗೆ ಮಂಜುಗಡ್ಡೆಯ ಪೆಟ್ಟಿಗೆಯನ್ನು ಕಟ್ಟುವ ಉಪಾಯವನ್ನು ಕಂಡುಹಿಡಿದಿದ್ದಾರೆ. ಚಳಿಯಲ್ಲಿ ಸೂಕ್ಷ್ಮಜೀವಿಗಳು ನಿದ್ರಿಸುತ್ತವೆ. ರಸ ಸುಣ್ಣದ ರುಚಿಯಿಲ್ಲದೆ ಸಿಹಿಯಾಗಿಯೇ ಕೆಳಗಿಳಿಯುತ್ತದೆ. ಅದಕ್ಕೆ ಕಲ್ಪರಸವೆಂದು ಹೆಸರಿಟ್ಟಿದ್ದಾರೆ. ಬ್ರಹ್ಮಾವರದ ಸುತ್ತಿನಲ್ಲಿ ಮತ್ತೆ ಚಿಕ್ಕ ಆಲೆಮನೆ ಹೂಡಿ ಬೆಲ್ಲ ಕಾಯಿಸುವವರೂ ಕಾಣಿಸಿಕೊಂಡಿದ್ದಾರೆ. ಗದ್ದೆಯ ಅಂಚಿನಲ್ಲಿ ಗಾಣ, ಅಂದೇ ಕಡಿದು ಅಂದೇ ಅರೆಯುವ ಹಳೆಯ ಕ್ರಮ. ಈ ಅಳತೆಗೆ ನಮ್ಮ ತುಂಡು ಹಿಡುವಳಿಗಳು ಒಗ್ಗುತ್ತವೆಂದು ನನಗನ್ನಿಸುತ್ತದೆ. ಆದರೆ ಮಂಜುಗಡ್ಡೆಯ ಪೆಟ್ಟಿಗೆಗೂ ಮರವೇರುವ ಒಬ್ಬರು ಬೇಕು, ದಿನಕ್ಕೆ ಎರಡು ಬಾರಿ. ಆ ಜನ ಎಲ್ಲಿಂದ ಬರಬೇಕು?

ನಮ್ಮ ಹಿತ್ತಿಲಿನ ಎರಡು ಮರಗಳಲ್ಲಿ ಒಂದು ಈಗಲೂ ಇದೆ. ಪೂಜಾರ್ರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಮೊಮ್ಮಗ ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಚೌತಿಗೆ ಅವನು ಆದಿ ಉಡುಪಿಯಲ್ಲಿ ಕಬ್ಬು ಕೊಳ್ಳುತ್ತಿದ್ದಾಗ ಎದುರಾದ. ಎರಡು ಜಲ್ಲೆಗಳನ್ನು ಆರಿಸಿ ನನ್ನ ಕೈಗೂ ಒಂದನ್ನು ಕೊಟ್ಟು, “ಸರ್, ಇವತ್ತೇ ತಿಂದು ಬಿಡಿ, ನಾಳೆಗೆ ಇಟ್ಟರೆ ರುಚಿ ಇರುವುದಿಲ್ಲ” ಎಂದ.